ಹಗಲು ಹೇಳಬಾರದ ಕತೆ

ಮನುಷ್ಯ ಏನು ಬೇಕಾದರೂ ಆಗಲಿ, ಮಕ್ಕಳ ಪುಸ್ತಕ ಬರೆಯುವವನು ಮಾತ್ರ ಆಗಬಾರದು. ಆಗಲೇಬೇಕೆಂದಿದ್ದರೆ, ಚಿತ್ರಗಳನ್ನು ಮೊದಲು ಬರೆಸಿ ಕತೆ ಹುಡುಕಲು ಆಮೇಲೆ ಹೊರಡಬಾರದು. ನಾನು ಇವೆರಡನ್ನೂ ಮಾಡಿ ಕೂತವನು. ಬಳ್ಳಾರಿ ಆಗಿನ್ನೂ ಮದರಾಸಿಗೆ ಸೇರಿತ್ತು. ಪಕ್ಕದ ಮನೆಯವರು ಬೆಜವಾಡದಿಂದ ತರಿಸುತ್ತಿದ್ದ ಚಿತ್ರದ ತೆಲುಗು ಪುಸ್ತಕಗಳನ್ನು ನನ್ನ ಮಗಳು ಗೌರಿ ಊಟ ಬಿಟ್ಟು ಓದುತ್ತಿದ್ದಳು. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಅದನ್ನು ನೋಡಿ ಸಂಕಟವಾಗುತ್ತಿತ್ತು. ಅವಳ ಕೈಗೆ ಅಷ್ಟೇ ಚೆಂದದ ಒಂದು ಕನ್ನಡ ಪುಸ್ತಕ ಕೊಡಲೇಬೇಕೆಂಬ ಹಟ ಹುಟ್ಟಿತು.

ಕತೆಗಳಿಗೇನೂ ಬರವಿರಲಿಲ್ಲ. ಕುರುಗೋಡಿನಿಂದ ಬಂದು ನಮ್ಮಲ್ಲೇ ಇದ್ದ ನನ್ನ ಹೆಂಡತಿಯ ತಾಯಿಯ ಬಾಯಲ್ಲಿ ಸಾಧು ಪ್ರಾಣಿಗಳದೇ ಒಂದು ಹಿಂಡಿತ್ತು. ಇರುವೆಗಳನ್ನು ಹೊಳೆ ದಾಟಿಸುವ ಆನೆ, ಕಳೆದುಹೋದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮಲಗಿಸುವ ಕರಡಿ, ಹೀಗೆ. ಇಷ್ಟು ಕೇಳಿದ್ದೇ ತಡ, ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರು ಚಿತ್ರ ಬರೆದುಕೊಟ್ಟರು. ಕರಡಿಯಂತೂ ಇನ್‌ಸ್ಪೆಕ್ಟರು ಬರುವುದಿಲ್ಲವೆಂದು ತಿಳಿದ ದಿನದ ನಮ್ಮ ಹೆಡ್‌ಮಾಸ್ತರರಷ್ಟು ಸೌಮ್ಯವಾಗಿತ್ತು. ಬ್ರೂಸ್‌ಪೇಟೆಯ ಪ್ರೆಸ್ಸಿನವನು ಚಿತ್ರ ಅಚ್ಚುಹಾಕುವ ಬ್ಲಾಕುಗಳನ್ನೂ ಮಾಡಿಸಿಟ್ಟು, ಕಂಡಾಗಲೆಲ್ಲ ಕತೆ ಎಲ್ಲಿ ಎಂದು ಕೇಳತೊಡಗಿದ. ಕೊನೆಗೆ ನಾನು ಆ ಪೇಟೆಯ ಕಡೆ ಹೋಗುವುದನ್ನೇ ಬಿಟ್ಟು, ಮನೆಯಲ್ಲಿ ಬೆಲ್ಲ ಮುಗಿದರೂ ಮುಗಿದಿಲ್ಲವೆಂದು ಹೆಂಡತಿಯೊಡನೆ ವಾದಿಸುವ ಸ್ಥಿತಿಗೆ ಬಂದೆ.

ಒಂದು ಭಾನುವಾರ ಬೆಳಿಗ್ಗೆ ಕಾಗದ, ಪೆನ್ಸಿಲ್ಲು ಹಿಡಿದು ಅತ್ತೆಯ ಮುಂದೆ ಕೂತೆ. ಅಳಿಯನೊಡನೆ ನೇರವಾಗಿ ಮಾತಾಡುವ ರೂಢಿ ಅವರಿಗಿರಲಿಲ್ಲ. ನನಗೆ ಹೇಳಬೇಕಾದ್ದನ್ನೆಲ್ಲ ಗೌರಿಗೆ ಹೇಳುತ್ತಿದ್ದರು.

"ಹಗಲೊತ್ತು ಕತಿ ಹೇಳಿದ್ರ ದಾರ್ಯಾಗಿದ್ದ ತಮ್ಮ ದಾರಿ ತಪ್ತಾನಂತ ನಿಮ್ಮಪ್ಪಗ ಹೇಳವ್ವ," ಎಂದರು.

ಅವರ ತಮ್ಮ ಬಸಣ್ಣ ಸಿರುಗುಪ್ಪದಿಂದ ಬಳ್ಳಾರಿಗೆ ಬಂಡಿಯಲ್ಲಿ ಭತ್ತ ತರುವವನು. ವರ್ಷವಿಡೀ ದಾರಿಯಲ್ಲೇ ಇರುವವನು. ಆತ ಬಂಡಿ ಹೊಡೆಯುವಷ್ಟು ಕಾಲ ನನಗೆ ಹಗಲು ಕತೆ ಸಿಗುವಂತಿರಲಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ ಧಾರಾಳವಾಗಿಯೇ ಹೇಳುತ್ತಿದ್ದರು. ಆದರೆ ದಿನವಿಡೀ ಹುಡುಗರ ಮುಂದೆ ಗಂಟಲು ಹರಿದುಕೊಂಡು ಬಂದ ನನಗೆ ದೀಪ ಕಂಡರೆ ನಿದ್ದೆ. ಕರಡಿ ಕೂಸನ್ನು ತೊಡೆಯ ಮೇಲೆ ಹಾಕಿಕೊಳ್ಳುವಷ್ಟರಲ್ಲಿ, ಕೂಸಿಗಿಂತ ಮೊದಲು ನಾನು ಮಲಗಿರುತ್ತಿದ್ದೆ. ಪೂರ್ತಿ ಕೇಳಿದವಳು ಗೌರಿಯೊಬ್ಬಳೇ. ಬೆಳಿಗ್ಗೆ ಅವಳನ್ನು ಗೋಗರೆದರೆ, ಬಸಣ್ಣತಾತ ದಾರಿ ತಪ್ಪಿದರೆ ನೀನು ಹುಡುಕಿಕೊಂಡು ಹೋಗುತ್ತೀಯಾ ಎಂದು ನನ್ನನ್ನೇ ಕೇಳಿದಳು. ಯಾರಿಗಾಗಿ ಪುಸ್ತಕವೋ ಅವಳೇ ಹೀಗೆಂದಳು.

ಬೇರೆ ಉಪಾಯ ಕಾಣದೆ ಕತೆಯ ಕೊನೆಯನ್ನು ನಾನೇ ಕಟ್ಟಿದೆ. ನನ್ನ ಕರಡಿ ಕೂಸನ್ನು ಮಲಗಿಸಲಿಲ್ಲ. ಎಬ್ಬಿಸಿ, ನೆಟ್ಟಗೆ ಕೂರಿಸಿ, ಹಿರಿಯರ ಮಾತು ಮೀರಬಾರದೆಂದು ಪುಟಗಟ್ಟಲೆ ಉಪದೇಶ ಮಾಡಿತು. ಬಹಳ ಚೆನ್ನಾಗಿ ಬಂದಿದೆ ಎನಿಸಿತು. ಆ ಹುಮ್ಮಸ್ಸಿನಲ್ಲಿ ಮಟಮಟ ಮಧ್ಯಾಹ್ನವೆಂಬುದನ್ನೂ ಮರೆತು, ಅಡುಗೆಮನೆಯ ಬಾಗಿಲಲ್ಲಿ ನಿಂತು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿಬಿಟ್ಟೆ.

ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಬಸಣ್ಣ ಅವತ್ತೇ ಬರಬೇಕಾಗಿತ್ತು. ಅತ್ತೆ ಊಟ ಬಿಟ್ಟು ಹೊಸ್ತಿಲ ಬಳಿ ಕೂತುಬಿಟ್ಟರು. ಹೆಂಡತಿ ನನ್ನ ಮುಖ ನೋಡಲಿಲ್ಲ. ಇಂಥ ನಂಬಿಕೆಗಳನ್ನು ತರಗತಿಯಲ್ಲಿ ದಿನವೂ ಅಲ್ಲಗಳೆಯುವ ನಾನೂ ಎರಡು ಸಲ ರಸ್ತೆಯ ತಿರುವಿನವರೆಗೆ ಹೋಗಿ ಬಂದೆ. ನಿಜ ಹೇಳಬೇಕೆಂದರೆ ನನಗೂ ಹೆದರಿಕೆಯಾಗಿತ್ತು.

ಹೊತ್ತು ಇಳಿಯುವ ಮೊದಲೇ ಬಂಡಿ ಬಂತು. ದಾರಿಯಲ್ಲಿ ಏನಾದರೂ ಎಡವಟ್ಟಾಯಿತೇ ಎಂದು ಅತ್ತೆ ಕೇಳಿದರೆ, ಏನಿಲ್ಲ, ಎತ್ತುಗಳು ಇವತ್ತು ಎಂದಿಗಿಂತ ಚುರುಕಾಗಿ ನಡೆದವು ಎಂದ ಬಸಣ್ಣ. ಅತ್ತೆ ತಮ್ಮನ ಬೆನ್ನು ಸವರಿದರು. ಆಮೇಲೆ ಗೌರಿಯ ಕಡೆ ತಿರುಗಿದರು.

"ಹಂಗಾರ ನಿಮ್ಮಪ್ಪ ಓದಿದ್ದು ಕತೀನ ಅಲ್ಲ ಬಿಡವ್ವ."

ಮನೆಯವರೆಲ್ಲ ಸಂತೋಷದಿಂದ ಬಸಣ್ಣನಿಗೆ ಊಟಕ್ಕೆ ಬಡಿಸಿದರು. ಆ ಪುಣ್ಯಾತ್ಮ ಒಂದು ಫರ್ಲಾಂಗಿನಷ್ಟಾದರೂ ದಾರಿ ತಪ್ಪಬಾರದಿತ್ತೇ ಎಂದು ಮರುಗಿದವನು ನಾನೊಬ್ಬನೇ.