ಮೋಟಾರ್ ಮುದ್ರೆ

ಚಳ್ಳಕೆರೆಯ ಸಾಹುಕಾರ ಏಕಾಂತಪ್ಪನವರ ಧೋತರ ಮೊಳಕಾಲ್ಮೂರಿನ ಪೇಟೆ ಬೀದಿಯಲ್ಲಿ ಪರ್ರೆಂದು ಹರಿದದ್ದೇ ಇಷ್ಟಕ್ಕೆಲ್ಲ ಮೂಲ.

ಹರಿದದ್ದು ಸೀಟಿನ ದೆಸೆಯಿಂದ. ಆ ಸೀಮೆಗೇ ಮೊದಲನೆಯದಾದ ಅವರ ಮೋಟಾರು ಕಾರಿಗೆ ಕಂದು ಬಣ್ಣದ ತೊಗಲಿನ ಸೀಟುಗಳಿದ್ದವು. ಬಂದಾಗ ಅವು ಮದುಮಗಳ ಕೆನ್ನೆಯ ಹಾಗೆ ನುಣ್ಣಗಿದ್ದವು. ಚಳ್ಳಕೆರೆಯ ಎರಡು ಬೇಸಿಗೆಯ ಬಿಸಿಲನ್ನೂ ಧೂಳನ್ನೂ ಕುಡಿದ ಮೇಲೆ ಬತ್ತಿದ ಕೆರೆಯಂಗಳದ ಹಾಗೆ ಬಿರಿದುಕೊಂಡವು. ಹೋದ ವಾರ ಸಾಹುಕಾರರು ಗತ್ತಿನಿಂದ ಇಳಿಯಹೋದಾಗ ಧೋತರ ಒಂದು ಬಿರುಕಿಗೆ ಸಿಕ್ಕಿಕೊಂಡಿತು. ಸಾಹುಕಾರರು ಮುಂದೆ ಬಂದರು, ಧೋತರದ ಒಂದು ಪಾಲು ಹಿಂದೆಯೇ ಉಳಿಯಿತು. ರೇಷ್ಮೆ ವ್ಯಾಪಾರಿ ತಿಪ್ಪೇರುದ್ರಪ್ಪನವರು ಮೊದಲು ನಕ್ಕರು. ಆಮೇಲೆ ಇಡೀ ಪೇಟೆ ನಕ್ಕಿತು.

ಈಗ ಮಗಳ ಮದುವೆಯ ಸೀರೆಗಾಗಿ ಮತ್ತೆ ಅದೇ ಪೇಟೆಗೆ ಹೋಗಬೇಕಾಗಿತ್ತು. ಬೆಳಗಾಗುತ್ತಲೇ ಸಾಹುಕಾರರು ಕಾರು ಒರೆಸುವ ಚಿತ್ತಪ್ಪನನ್ನು ಕೂಗಿದರು.

“ಲೇ ಚಿತ್ತ, ಮಧ್ಯಾಹ್ನ ಹೊರಡ್ತೀವಿ. ಅಷ್ಟರಾಗೆ ಆ ಸೀಟು ಬೆಣ್ಣೆ ಆಗಿರ್ಬೇಕು. ಇಲ್ಲಾಂದ್ರೆ ನಿನ್ನ ಚರ್ಮ ಸುಲಿದು ಅದಕ್ಕೆ ಹೊಲಿಸ್ತೀನಿ.”

“ಆಗ್ತತೆ ಬುದ್ಧಿ.” ಚಿತ್ತಪ್ಪ ತಲೆ ಕೆರೆದುಕೊಂಡ. “ಬೆಣ್ಣೆ ಆದ್ರೆ, ನಾನೂ ಒಂದ್ಸಲ ಕುಂತ್ಕಂಡು ಬರ್ಲಾ? ಮುಂದ್ಗಡೆ, ಡ್ರೈವರ್ ಪಕ್ಕ?”

ಸಾಹುಕಾರರಿಗೆ ನಗು ಬಂತು. “ಬೆಣ್ಣೆ ಮಾಡು ನೋಡಾನ.”

ಚಿತ್ತಪ್ಪನ ಆಸೆಗೆ ಕಾರಣವಿತ್ತು. ಸಾಹುಕಾರರ ಎತ್ತಿನ ಗಾಡಿ ಹೊಡೆಯುತ್ತ ಮೀಸೆ ನರೆಸಿಕೊಂಡವನು ಅವನು. ಮೋಟಾರು ಬಂದ ಮೇಲೆ ಗಾಡಿ ಮೂಲೆಗೆ ಬಿತ್ತು, ಚಿತ್ತಪ್ಪನ ಕೈಗೆ ಒರೆಸುವ ಬಟ್ಟೆ ಬಂತು. ಆ ಕಾರಿನ ಒಂದೊಂದು ಅಂಗುಲವನ್ನೂ ಒರೆಸಿದ್ದ. ಒಂದು ಸಲವೂ ಕೂತಿರಲಿಲ್ಲ. ಇದು ಮೊಳಕಾಲ್ಮೂರಿನಲ್ಲಿದ್ದ ಅವನ ಮಾವ ಉಗ್ರಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಉಗ್ರಪ್ಪ ಮಗ್ಗದವನು, ನಾಲಿಗೆ ಲಾಳಿಗಿಂತ ಚುರುಕು. ಹಬ್ಬಕ್ಕೆ ಬಂದ ನಾಲ್ಕು ಜನ ಹಿರಿಯರ ಎದುರಿಗೇ ಅಂದಿದ್ದ:

“ನನ್ನ ಅಳಿಯ ಮೋಟಾರ್ ಒರೆಸೋನು, ಹತ್ತೋನಲ್ಲ. ಅವ್ನು ಆ ಸೀಟಿನ ಮ್ಯಾಲೆ ಕುಂತು ಬಂದ ದಿನ, ನಾನೇ ನೇಯ್ದ ಜರಿ ರುಮಾಲು ನನ್ನ ಕೈಯಾರೆ ಸುತ್ತಿ ಜಗಲಿ ಮ್ಯಾಲೆ ಕುಂದ್ರಿಸ್ತೀನಿ!”

ಆ ಮಾತು ಚಿತ್ತಪ್ಪನ ಗಂಟಲಲ್ಲಿ ಮೀನಿನ ಮುಳ್ಳಾಗಿ ನಿಂತಿತ್ತು. ಹೆಂಡತಿ ಸೂರಮ್ಮ ತಂಗಿಯ ಬಾಣಂತನಕ್ಕೆಂದು ಈಗ ತವರಲ್ಲೇ ಇದ್ದಳು. ಅವಳ ಎದುರಿಗೇ ರುಮಾಲು ಸುತ್ತಿಸಿಕೊಳ್ಳಬೇಕು, ಅದೂ ಇವತ್ತೇ.

ಕಾರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ ಬಾಗಿಲು ತೆಗೆಯುವಷ್ಟರಲ್ಲಿ ಬೀದಿ ಬಂದು ಸೇರಿತು. ಕರೆಯದೆ ಬರುವುದರಲ್ಲಿ ಆ ಬೀದಿ ನೊಣಕ್ಕಿಂತ ಮುಂದು.

“ದನ ತೊಳ್ದಂಗೆ ನೀರು ಸುರಿಯೋ,” ಅಂದ ಎದುರುಮನೆಯ ನಾಗೇಂದ್ರಪ್ಪ. ಚಿತ್ತಪ್ಪ ಎರಡು ಕೊಡ ಸುರಿದ. ಸೀಟು ಮುನಿಸಿಕೊಂಡು ಮೈಯೆಲ್ಲ ಬಿಳಿ ಮಚ್ಚೆ ಎಬ್ಬಿಸಿತು.

“ಗಂಡಸರ ಬುದ್ಧೀನೇ ಇಷ್ಟು,” ಎನ್ನುತ್ತ ಪಕ್ಕದ ಮನೆಯ ಕರಿಯಕ್ಕ ಸೀಗೆಪುಡಿ ತಂದಳು. “ನೆತ್ತಿನೂ ತೊಗಲೇ, ಇದೂ ತೊಗಲೇ. ಉಜ್ಜು!”

ಉಜ್ಜಿದ. ಸೀಗೆ ಕಣ್ಣಿಗೆ ಸಿಡಿದು ಚಿತ್ತಪ್ಪ ಅಳುತ್ತಲೇ ಉಜ್ಜಿದ. ಬಿಸಿಲಿಗೆ ಒಣಗಿದ ಸೀಟು ಹಪ್ಪಳದಂತೆ ಸೆಟೆದುಕೊಂಡಿತು. ನಾಗೇಂದ್ರಪ್ಪ ಬೆರಳಿನಿಂದ ಬಡಿದು ನೋಡಿದ. ಡಣ್ ಅಂತು.

“ಕೂರಾಕೆ ಆಗ್ದಿದ್ರೂ ತಮಟೆಗೆ ಆಗ್ತತೆ ಬಿಡು,” ಎಂದು ಸಮಾಧಾನ ಹೇಳಿದ.

ಚಿತ್ತಪ್ಪ ಎರಡು ಕೈಯನ್ನೂ ತಲೆಯ ಮೇಲೆ ಹೊತ್ತು ನೆಲದ ಮೇಲೆ ಕುಸಿದ. ಜರಿ ರುಮಾಲು ಹಾಗಿರಲಿ, ಇದ್ದ ಕೆಲಸವೂ ಹೋಗುವ ಹಾಗಿತ್ತು. ಆಗ ಕೆಲಸವಿಲ್ಲದೆ ಅಂಗಳದಲ್ಲಿ ಅಲೆದಾಡುತ್ತಿದ್ದ ಹಳೆಯ ಗಾಡಿ ಎತ್ತು ಕೆಂದ ನಿಧಾನವಾಗಿ ಬಂದು ಕಾರಿನೊಳಗೆ ತಲೆ ತೂರಿಸಿತು. ಎರಡು ಬೇಸಿಗೆಯ ಸಾಹುಕಾರರ ಬೆವರಿನ ಉಪ್ಪು ಅದಕ್ಕೆ ರುಚಿಸಿರಬೇಕು. ಸೀಟನ್ನು ರಪ ರಪ ನೆಕ್ಕತೊಡಗಿತು.

“ಅಯ್ಯೋ, ಹೊಡೀರೋ ಅದನ್ನ!” ಕರಿಯಕ್ಕ ಕಿರುಚಿದಳು.

“ತಡಿಯಕ್ಕ!” ಚಿತ್ತಪ್ಪ ಎದ್ದು ನಿಂತ. ಕೆಂದನ ನಾಲಿಗೆ ಹರಿದಲ್ಲೆಲ್ಲ ಬಿರುಕಿನ ಧೂಳು ಹೊರಬಂದು ತೊಗಲು ಕಪ್ಪಗೆ ಮಿನುಗುತ್ತಿತ್ತು. ಚಿತ್ತಪ್ಪನ ತಲೆಯಲ್ಲಿ ದೀಪ ಹತ್ತಿತು. “ಮೋಟಾರು ಮೋಟಾರು ಅಂತ ಹೆದ್ರಿದ್ದೇ ತಪ್ಪಾತು. ಇದೂ ನಮ್ಮ ಕೆಂದನ ಪೈಕೀನೇ! ಎತ್ತಿನ ಮೈ ತಿಕ್ಕಾಕೆ ನಂಗೆ ಯಾವನು ಹೇಳ್ಕೊಡ್ಬೇಕು?”

ಅಲ್ಲಿಂದ ಮುಂದೆ ಕಾರಹುಣ್ಣಿಮೆಯೇ ನಡೆಯಿತು. ಒದ್ದೆ ಬಟ್ಟೆಯಿಂದ ಒರೆಸಿ, ಹುಲ್ಲಿನ ಸಿಂಬೆಯಿಂದ ತಿಕ್ಕಿ, ಹಬ್ಬದ ಎತ್ತಿಗೆ ಹಚ್ಚುವ ಹಾಗೆ ಅಂಗೈ ತುಂಬ ಹರಳೆಣ್ಣೆ ಸುರಿದುಕೊಂಡು ನೀವತೊಡಗಿದ. ಬಾಯಲ್ಲಿ ತಾನಾಗಿಯೇ “ಹೋ... ಹೋ... ನಿಂತ್ಕಳಪ್ಪ” ಎಂಬ ಮಾತು ಬರುತ್ತಿತ್ತು.

“ಒಂದೀಟು ಹಚ್ಚಿದ್ರೆ ಸಾಲ್ದೇನೋ?” ಎಂದ ನಾಗೇಂದ್ರಪ್ಪ.

“ಬಾಯಾರಿದ ಜೀವ, ಕುಡೀಲಿ ಬಿಡು,” ಎಂದಳು ಕರಿಯಕ್ಕ.

ಸೀಟು ಕುಡಿಯಿತು. ಗಡಿಗೆಯಷ್ಟು ಎಣ್ಣೆಯನ್ನೂ ಕುಡಿಯಿತು. ಮಧ್ಯಾಹ್ನದ ಹೊತ್ತಿಗೆ ಅದು ಹೇಗೆ ಹೊಳೆಯಿತೆಂದರೆ, ಕರಿಯಕ್ಕ ಬಗ್ಗಿ ಅದರಲ್ಲೇ ಮುಖ ನೋಡಿಕೊಂಡು ಕುಂಕುಮ ತಿದ್ದಿಕೊಂಡಳು. ಸಾಹುಕಾರರು ಬಂದು ಅಂಗೈಯಿಂದ ಸವರಿದರು. ಎಲ್ಲೂ ಜಿಡ್ಡಿಲ್ಲ, ಎಲ್ಲೂ ಬಿರುಕಿಲ್ಲ. ಅವರು ಮೀಸೆಯಡಿಯಲ್ಲಿ ನಕ್ಕು, “ಹತ್ತಲೇ!” ಅಂದರು. ಚಿತ್ತಪ್ಪನಿಗೆ ಯಾರೂ ಆ ಮಾತನ್ನು ಅಂದಿರಲಿಲ್ಲ. ಹತ್ತಿ ಕೂತಾಗ ಅವನಿಗೆ ಕಣ್ಣು ತುಂಬಿ ಬಂತು.

ದಾರಿಯಲ್ಲಿ ತಿರುವು ಬಂದಾಗಲೆಲ್ಲ ಸಾಹುಕಾರರು ಹಿಂದಿನ ಸೀಟಿನಲ್ಲಿ ಈ ಕಡೆಯಿಂದ ಆ ಕಡೆಗೆ ಜಾರುತ್ತಿದ್ದರು. “ಏನು ನಯ ಲೇ ಇದು!” ಎಂದು ಖುಷಿಪಟ್ಟರು. ಬಿಸಿಲು ಏರಿತು, ಸೀಟು ಕಾಯಿತು, ಭಾರ ಅದುಮಿತು. ಕುಡಿದದ್ದನ್ನೆಲ್ಲ ಸೀಟು ಸದ್ದಿಲ್ಲದೆ ಕಕ್ಕತೊಡಗಿದ್ದು ಮಾತ್ರ ಯಾರಿಗೂ ತಿಳಿಯಲಿಲ್ಲ.

ಮೊಳಕಾಲ್ಮೂರಿನ ಪೇಟೆಯಲ್ಲಿ ಜನ ಸೇರಿತು. ಧೂಳು ಅಡಗುವ ಮೊದಲೇ ಚಿತ್ತಪ್ಪ ಕೆಳಗೆ ಹಾರಿ, ಒರೆಸುವ ಬಟ್ಟೆ ಹಿಡಿದು ಧಣಿಗೆ ಬಾಗಿಲು ತೆಗೆದು ನಿಂತ. ಸಾಹುಕಾರರು ಇಳಿದರು. ಧೋತರ ಹರಿಯಲಿಲ್ಲ. ಆದರೆ ಹಿಂಭಾಗದಲ್ಲಿ ಎರಡು ಊಟದ ತಟ್ಟೆಯಗಲ ಕಂದು ಎಣ್ಣೆ ಮಚ್ಚೆ ದುಂಡಗೆ ಕೂತಿತ್ತು.

“ಸಾಹುಕಾರ್ರೇ,” ತಿಪ್ಪೇರುದ್ರಪ್ಪನವರ ಬಾಯಿ ನಗಲು ಸಿದ್ಧವಾಯಿತು, “ಹೋದ್ಸಲ ಹರೀತು. ಈ ಸಲ ಹಿಂದೇನು ಹಚ್ಕೊಂಡ್ ಬಂದೀರಿ?”

ಸಾಹುಕಾರರು ತಮ್ಮ ಬೆನ್ನನ್ನು ತಾವೇ ನೋಡಲು ಎರಡು ಸುತ್ತು ತಿರುಗಿದರು. ಮೂರನೆಯ ಸುತ್ತಿಗೆ ಅವರ ಕಣ್ಣು ಚಿತ್ತಪ್ಪನ ಮೇಲೆ ನಿಂತಿತು. ಆ ಕಣ್ಣಿನಲ್ಲಿ ಅವನ ಚರ್ಮ ಆಗಲೇ ಸುಲಿದಿತ್ತು. ಹುಟ್ಟಿದಾಗಿನಿಂದ ಕೈಕೊಡುತ್ತಲೇ ಬಂದಿದ್ದ ಚಿತ್ತಪ್ಪನ ನಾಲಿಗೆ ಆ ಕ್ಷಣ ಕೈಹಿಡಿಯಿತು.

“ಮೋಟಾರ್ ಮುದ್ರೆ ಸ್ವಾಮಿ ಅದು! ತೊಗಲ ಸೀಟಿನಾಗೆ ಕುಂತು ಬಂದೋರಿಗೆ ಮಾತ್ರ ಬೀಳಾದು. ಮೈಸೂರಿನ ಕಡೆ ದೊಡ್ಡೋರು ಅದನ್ನ ತೊಳ್ಸಾದೇ ಇಲ್ಲ. ಮುದ್ರೆ ಇಲ್ಲಾಂದ್ರೆ, ನೀವು ಮೋಟಾರ್‌ನಾಗೆ ಬಂದೆ ಅಂತ ಆಣೆ ಮಾಡಿದ್ರೂ ಯಾರೂ ನಂಬಾಕಿಲ್ಲ!”

ಪೇಟೆಯೆಲ್ಲ ಆ ಮಚ್ಚೆಯ ಕಡೆ ಕತ್ತು ಚಾಚಿತು. ಸಾಹುಕಾರರ ಬೆನ್ನು ತಾನಾಗಿ ನೆಟ್ಟಗಾಯಿತು. ತಿಪ್ಪೇರುದ್ರಪ್ಪನವರು ಬಾಯಿ ಮುಚ್ಚಿ, ಹತ್ತಿರ ಬಂದು, ದನಿ ತಗ್ಗಿಸಿದರು.

“ನಾನೂ ಒಂದೀಟು ಕುಂತ್ಕಳ್ಳಲಾ?”

ಅಷ್ಟೇ. ಪೇಟೆಯ ದೊಡ್ಡವರೆಲ್ಲ ಮಡಿ ಪಂಚೆ ಉಟ್ಟು ಸಾಲುಗಟ್ಟಿದರು. ಕೂತವರು ಎದ್ದು ಒಬ್ಬರಿಗೊಬ್ಬರು ಬೆನ್ನು ತೋರಿಸಿ, “ದುಂಡಗೆ ಬಿದ್ದೈತಾ?” ಎಂದು ಕೇಳಿಕೊಂಡರು. ಮದುವೆ ಸೀರೆಗಳು ಕಾರಿನ ಬಳಿಗೇ ಬಂದವು. ಹೋದ ವಾರ ನಕ್ಕವರ ಕೈಯಲ್ಲೇ ಸಾಹುಕಾರರು ಎಲೆಯಡಿಕೆ ಹಾಕಿಸಿಕೊಂಡರು. ಚಿತ್ತಪ್ಪನ ಬೆನ್ನು ಚಪ್ಪರಿಸಿ, “ಭಲೇ ಚಿತ್ತ! ತಿಪ್ಪೇರುದ್ರಪ್ಪನೋರು ನಮ್ಮ ಜೊತೆ ಬರ್ತಾರಂತೆ, ಜಾಗ ಇಲ್ಲ. ನೀನು ಮಾವನ ಮನ್ಯಾಗೆ ಉಂಡು ನಾಳೆ ಗಾಡ್ಯಾಗೆ ಬಾ,” ಅಂದರು.

ಚಿತ್ತಪ್ಪ ಎದೆ ಉಬ್ಬಿಸಿ ನಡೆದ. ಅವನ ಪಂಚೆಯ ಮೇಲೂ ಮುದ್ರೆ ಇತ್ತು. ಧಣಿಗೆ ಬಿದ್ದದ್ದನ್ನು ಆಳು ಮೆರೆಸಬಾರದೆಂದು ಹೆಗಲ ಮೇಲಿನ ವಲ್ಲಿಯನ್ನು ನಡುವಿಗೆ ಸುತ್ತಿ ಮುಚ್ಚಿಟ್ಟಿದ್ದ. ಅದನ್ನು ನೋಡಬೇಕಾದ ಕಣ್ಣು ಬೇರೆಯೇ ಇತ್ತು.

ಮಾವ ಮನೆಯಲ್ಲಿರಲಿಲ್ಲ, ಮೋಟಾರು ನೋಡಲು ಹೋಗಿದ್ದ. ಮನೆಗೆ ಬಂದ ಅಳಿಯನಿಗೆ ಮೊದಲು ಬಿಸಿನೀರು. ಚಿತ್ತಪ್ಪ ಸ್ನಾನ ಮಾಡಿ ಮಾವನ ಪಂಚೆ ಸುತ್ತಿಕೊಂಡ, ಉಂಡ. ಮಾವ ಬಂದ ಮೇಲೆ ಎಲ್ಲರ ಎದುರಿಗೇ ಹೇಳಬೇಕೆಂದು ಹೆಂಡತಿಗೂ ಏನೂ ಹೇಳದೆ ಗೆದ್ದ ಪೈಲ್ವಾನನ ಹಾಗೆ ಕೈಕಾಲು ಚಾಚಿ ಮಲಗಿದ.

ಜಗಲಿಯ ಮೇಲಿನ ಗದ್ದಲಕ್ಕೆ ಎಚ್ಚರವಾಯಿತು. ಉಗ್ರಪ್ಪ ಅದೇ ನಾಲ್ಕು ಜನ ಹಿರಿಯರನ್ನು ಕರೆತಂದಿದ್ದ. ಕೈಯಲ್ಲಿ ಜರಿ ರುಮಾಲು ಥಳಥಳಿಸುತ್ತಿತ್ತು.

“ಏಮಪ್ಪಾ ಅಲ್ಲುಡೂ, ನನ್ನ ಅಳಿಯದೇವ್ರೇ, ಮೋಟಾರ್‌ನಾಗೆ ಕುಂತು ಬಂದೆ ಅಂತ ಜನ ಅಂತಿದ್ರು, ಹೌದಾ?”

“ಬಂದೆ ಮಾವ!”

“ನಾವು ನೋಡಿದಾಗ ನೀನು ಬಟ್ಟೆ ಹಿಡ್ಕಂಡು ಕೆಳಗೇ ನಿಂತಿದ್ದೆಪ್ಪಾ,” ಅಂದರು ಹಿರಿಯರಲ್ಲಿ ಒಬ್ಬರು.

“ಬಾಯಿ ಮಾತು ಯಾಕೆ? ನೀನೇ ಪೇಟ್ಯಾಗೆ ಹೇಳಿದ್ಯಂತಲ್ಲ, ಮುದ್ರೆ ಇಲ್ದಿದ್ರೆ ನಂಬಬ್ಯಾಡ್ರಿ ಅಂತ.” ಉಗ್ರಪ್ಪ ಠೀವಿಯಿಂದ ಹಿಂದಕ್ಕೆ ತಿರುಗಿ ನಿಂತ. ಅವನ ಪಂಚೆಯ ಮೇಲೆ ದುಂಡನೆಯ ಮುದ್ರೆ ಹುಣ್ಣಿಮೆಯ ಚಂದ್ರನಂತಿತ್ತು. “ನಂದು ಇಲ್ಲೈತೆ ನೋಡು. ಸಾಲಿನಾಗೆ ನಿಂತು ಹಾಕಿಸ್ಕಂಡೆ. ನಿಂದು?”

ಚಿತ್ತಪ್ಪ ನಗುತ್ತ ಒಳಗೆ ಕೂಗಿದ. “ಸೂರೀ, ನನ್ನ ಪಂಚೆ ತಾರೇ!”

ಸೂರಮ್ಮ ಹಿತ್ತಲಿನಿಂದ ಓಡಿಬಂದಳು. ಅವಳ ಕೈಯಲ್ಲಿ ಗಳದ ಮೇಲಿಂದ ಆಗಷ್ಟೇ ತೆಗೆದ ಪಂಚೆ. ಮಲ್ಲಿಗೆಯ ಹಾಗೆ ಬೆಳ್ಳಗಿತ್ತು.

ಹಿರಿಯರು ಪಂಚೆಯನ್ನು ಹಿಂದೆಮುಂದೆ ತಿರುಗಿಸಿ ನೋಡಿದರು, ತಲೆಯಾಡಿಸಿದರು. ಉಗ್ರಪ್ಪ ಜರಿ ರುಮಾಲನ್ನು ತನ್ನ ತಲೆಗೆ ತಾನೇ ಸುತ್ತಿಕೊಂಡು ಜಗಲಿಯ ನಡುವೆ ಕೂತ.

ಚಿತ್ತಪ್ಪ ಬಾಯಿ ತೆರೆದು ಹೆಂಡತಿಯನ್ನೇ ನೋಡಿದ. ಸೂರಮ್ಮನ ಮುಖ ಮಧ್ಯಾಹ್ನ ಹೊಳೆಯುವ ಸೀಟಿನ ಮುಂದೆ ನಿಂತಿದ್ದ ಅವನ ಮುಖದ ಹಾಗೆಯೇ ಬೆಳಗುತ್ತಿತ್ತು.

“ಹಂಗ್ಯಾಕೆ ನೋಡ್ತೀರಿ? ಅಂಥಾ ಹೊಲಸು ಪಂಚ್ಯಾಗೆ ನಿಮ್ಮನ್ನ ಹಿರೇರ ಮುಂದೆ ನಿಲ್ಲಿಸ್ತೀನಾ? ಚೌಳು ಮಣ್ಣು ಹಾಕಿ ರಟ್ಟೆ ಬೀಳೋ ಹಂಗೆ ಉಜ್ಜೀನಿ. ಎಲ್ಲಾದ್ರೂ ಒಂದು ಚುಕ್ಕೆ ಉಳಿದಿದ್ರೆ ತೋರಿಸ್ರಿ ನೋಡಾನ!”