ಬಸ್ಸಾರಿಗೆ ಬಿದ್ದ ಕಾಲನಿ

ಹೊಸ ಲೋಕ ಕಟ್ಟಲು ಹೊರಟವರು ಸೋಲುವುದು ಯಾವುದೋ ಘನವಾದ ಕಾರಣಕ್ಕೆ ಎಂದು ನಾನೂ ನಂಬಿದ್ದೆ. ಎಲ್ಲರೂ ಒಂದಾಗಿ ದುಡಿದು, ಒಂದೇ ಪಂಕ್ತಿಯಲ್ಲಿ ಉಂಡು, ನಂದು ನಿಂದು ಎನ್ನದೆ ಬಾಳೋಣ ಎಂದು ಊರು ಬಿಟ್ಟು ಹೋಗಿ ಕಾಲನಿ ಕಟ್ಟಿದವರು ಬೇಕಾದಷ್ಟು ದೇಶಗಳಲ್ಲಿದ್ದಾರಂತೆ. ಕೆಲವರು ಸಿದ್ಧಾಂತಕ್ಕೆ ಜಗಳವಾಡಿ ಒಡೆದರಂತೆ, ಕೆಲವರು ನಾಯಕ ಸತ್ತ ಮೇಲೆ ಚದುರಿದರಂತೆ. ನಮ್ಮ ಕಾಲನಿ ಬಸ್ಸಾರಿಗೆ ಬಿತ್ತು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹನ್ನೊಂದು ತಿಂಗಳು ನಿಂತಿತ್ತಲ್ಲ! ಅಷ್ಟೂ ದಿನ ಒಂದೇ ಒಂದು ಊಟದ ಗಂಟೆ ಒಂದೇ ಒಂದು ನಿಮಿಷವೂ ತಡವಾಗಲಿಲ್ಲ. ಇದನ್ನು ಬೇರೆ ಯಾವ ಕಾಲನಿಯವರು ಎದೆ ತಟ್ಟಿ ಹೇಳಬಲ್ಲರು?

ನಾನು ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ನಿವೃತ್ತಳಾದವಳು. ಹದಿನೆಂಟನೆಯ ವಯಸ್ಸಿನಲ್ಲಿ ನರ್ಸಿಂಗ್ ಹಾಸ್ಟೆಲಿಗೆ ಸೇರಿದ ದಿನದಿಂದ ಐದಕ್ಕೆ ಎದ್ದವಳು. ನನ್ನ ಮದುವೆಯ ದಿನವೂ ಐದಕ್ಕೇ ಎದ್ದೆ, ಬೀಗರನ್ನೂ ಎಬ್ಬಿಸಿದೆ. ನಿವೃತ್ತಿಯಾದ ಮೇಲೆ ಗೌರಿಬಿದನೂರಿನ ಮನೆಯಲ್ಲಿ ಎಬ್ಬಿಸಲು ಇದ್ದವರು ಒಬ್ಬರೇ, ನನ್ನ ಯಜಮಾನರು ನಂಜುಂಡಪ್ಪ. ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಸಾಧು ಮನುಷ್ಯ. ಇಡೀ ವಾರ್ಡು ಆಳಿದವಳಿಗೆ ಒಬ್ಬ ಸಾಧು ಸಾಲುತ್ತಾನೆಯೇ? ಅದಕ್ಕೇ ನಿವೃತ್ತರಾದ ಆರು ಸಂಸಾರಗಳನ್ನು ಒಟ್ಟುಗೂಡಿಸಿ ತೊಂಡೇಬಾವಿಯ ಹತ್ತಿರ ಕಾಲನಿ ಕಟ್ಟಿದೆವು. ಸಾಲಾಗಿ ಆರು ಮನೆ, ಕೊನೆಯಲ್ಲಿ ಒಂದು ಊಟದ ಹಾಲ್, ಅಡುಗೆಗೆ ಪೆರೇಸಂದ್ರದ ವೆಂಕಟಲಕ್ಷ್ಮಮ್ಮ. ಮೊದಲ ಮನೆ ನಮ್ಮದು, ಎರಡನೆಯದು ಶಿಡ್ಲಘಟ್ಟದ ಮುನಿರತ್ನಮ್ಮನದು, ಮೂರನೆಯದು ಚಿಂತಾಮಣಿಯಲ್ಲಿ ಬಸ್ ಡ್ರೈವರ್ ಆಗಿದ್ದ ಖಾದರ್ ಸಾಹೇಬರದು. ಮಿಕ್ಕ ಮೂರು ಮನೆಯವರು ತಾವಾಯಿತು ತಮ್ಮ ಪಾಡಾಯಿತು ಎನ್ನುವ ಜನ.

ನಿಯಮಾವಳಿ ಬರೆದದ್ದು ನಾನೇ. ನಲವತ್ತೆರಡು ನಿಯಮ, ದುಂಡನೆಯ ಅಕ್ಷರ. ಒಂದನೆಯದೇ ಅಡಿಪಾಯ: ‘ಕಾಲನಿಗೆ ಒಂದೇ ಒಲೆ. ಮನೆಯಲ್ಲಿ ಒಲೆ ಹಚ್ಚಿದವರು ಕಾಲನಿ ಬಿಟ್ಟು ಹೋಗತಕ್ಕದ್ದು.’ ಒಲೆ ಬೇರೆಯಾದರೆ ಮನಸ್ಸು ಬೇರೆಯಾಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಎಲ್ಲರೂ ಚಪ್ಪಾಳೆ ತಟ್ಟಿ ಸಹಿ ಹಾಕಿದರು. ಹದಿನೇಳನೆಯ ನಿಯಮವನ್ನು ಯಾರೂ ಸರಿಯಾಗಿ ಓದಿರಲಿಲ್ಲವೆಂದು ಕಾಣುತ್ತದೆ: ‘ರಾತ್ರಿ ಎಂಟರ ಮೇಲೆ ಉಳಿದ ಅಡುಗೆಯನ್ನು ಕಲಗಚ್ಚಿಗೆ ಸುರಿಯತಕ್ಕದ್ದು.’ ಹಳಸಲು ತಿಂದು ಬಂದವರನ್ನು ವಾರ್ಡಿನಲ್ಲಿ ನಾನು ಕಂಡಷ್ಟು ಯಾರೂ ಕಂಡಿಲ್ಲ.

ಈಗ ನಮ್ಮ ಸೀಮೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಸೊಪ್ಪು ಕಾಳು ಬೇಯಿಸಿ, ಕಟ್ಟು ಬಸಿದು, ಬೆಳ್ಳುಳ್ಳಿ ಜೀರಿಗೆ ಮೆಣಸು ಅರೆದು ಹಾಕಿ ಕುದಿಸಿದ ಬಸ್ಸಾರು ಮಾಡಿದ ದಿನ ಬರೀ ಸಾರು. ಮಾರನೆಯ ಬೆಳಿಗ್ಗೆ ಮತ್ತೆ ಕುದಿಸಿ, ಅದು ಗಟ್ಟಿಯಾಗಿ ಪಾತ್ರೆಯ ಅಂಚಿಗೆ ಕಟ್ಟಿಕೊಂಡಾಗಲೇ ಅದು ಬಸ್ಸಾರು. ಮೂರನೆಯ ದಿನಕ್ಕೆ ಉಳಿದರೆ ಅಣ್ಣ ತಮ್ಮಂದಿರೇ ಪಾಲಿಗೆ ಬರುತ್ತಾರೆ. ಇದೆಲ್ಲ ನನಗೂ ಗೊತ್ತಿತ್ತು. ಆದರೆ ನಾನು ಮೇಟ್ರನ್. ಬಸ್ಸಾರು ಮಾಡಿದ ರಾತ್ರಿ ಎಂಟಕ್ಕೆ ಸರಿಯಾಗಿ, ‘ವೆಂಕಟಲಕ್ಷ್ಮಮ್ಮ, ಸುರಿದುಬಿಡಿ’ ಎನ್ನುತ್ತಿದ್ದೆ. ಆಕೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡವಳ ಹಾಗೆ ತಪ್ಪಲೆ ಎತ್ತಿಕೊಂಡು ಹಿತ್ತಿಲಿಗೆ ಹೋಗುತ್ತಿದ್ದಳು.

ಒಂದೆರಡು ತಿಂಗಳಲ್ಲೇ ಫಲ ಕಂಡಿತು. ಪಕ್ಕದ ಹೊಲದ ರೈತ ಬಂದು, “ಏನಮ್ಮಾ, ನಿಮ್ ಕಲಗಚ್ಚಲ್ಲಿ ಬರೀ ನೀರೇ ಐತೆ, ನಮ್ ಹಸ ಮೂಸೂ ನೋಡಲ್ಲ” ಎಂದು ದೂರಿದ. ನಾನು ಉಬ್ಬಿಹೋದೆ. ಅಂದರೆ ಅಡುಗೆ ಅಳತೆಗೆ ಸರಿಯಾಗಿ ಆಗುತ್ತಿದೆ, ಒಂದು ಸೌಟೂ ಉಳಿಯುತ್ತಿಲ್ಲ! ಬೆಳಗಿನ ಉಪ್ಪಿಟ್ಟನ್ನು ಎಲ್ಲರೂ ಎರಡೇ ತುತ್ತು ತಿಂದು ಕೈ ತೊಳೆಯತೊಡಗಿದರು. ಮಿತಾಹಾರ ಕಲಿತರು ಎಂದುಕೊಂಡೆ. ಒಂದು ಸಂಜೆಯ ಸಭೆಯಲ್ಲಿ ಎಲ್ಲರನ್ನೂ ಅಭಿನಂದಿಸಿದೆ ಕೂಡ. ಅವರು ತಲೆ ತಗ್ಗಿಸಿದರು. ವಿನಯವೆಂದು ತಿಳಿದೆ.

ದಿನಾ ಬೆಳಿಗ್ಗೆ ಆರಕ್ಕೆ ನಾನು ರೌಂಡ್ಸ್ ಹೊರಡುತ್ತಿದ್ದೆ. ಯಾರು ಮಾತ್ರೆ ನುಂಗಿದರು, ಯಾರ ಕಾಲು ಊದಿದೆ, ಯಾರ ಹಾಸಿಗೆ ಮಡಚಿಲ್ಲ — ಮನೆಗೆ ಆರು ನಿಮಿಷದಂತೆ ಐದು ಮನೆ ಆರೂವರೆಗೆ ಮುಗಿಯಬೇಕು. ನನ್ನ ಇಡೀ ಬದುಕಿನಲ್ಲಿ ಹೊತ್ತು ತಪ್ಪಿದ್ದು ಒಂದೇ ಒಂದು ದಿನ, ಅದೂ ಗೋಡೆ ಗಡಿಯಾರದ ಸೆಲ್ ಸೋತು. ಬೆಳಗಿನ ರೈಲು ಕೂಗಿಕೊಂಡು ಹೋದಾಗ ‘ಇದೇನು, ರೈಲು ಇವತ್ತು ಬೇಗ ಬಂತಲ್ಲ’ ಎಂದುಕೊಂಡೆನೇ ಹೊರತು ನನ್ನ ಗಡಿಯಾರ ಹಿಂದೆ ಬಿದ್ದಿದೆ ಎಂದು ಹೊಳೆಯಲೇ ಇಲ್ಲ. ರೈಲ್ವೆಯವರ ಮೇಲೆ ನನಗಿರುವ ನಂಬಿಕೆ ಅಷ್ಟೇ. ಹೀಗೆ ಆರು ಗಂಟೆ ಎಂದುಕೊಂಡು ಹೊರಬಿದ್ದಾಗ ನಿಜವಾಗಿ ಆರೂ ಮುಕ್ಕಾಲಾಗಿತ್ತು.

ಎರಡನೆಯ ಮನೆಯ ಬಾಗಿಲಿಗೆ ಹೋಗುವಷ್ಟರಲ್ಲಿ ವಾಸನೆ ಮೂಗಿಗೆ ಅಡರಿತು. ಬಾಗಿಲಲ್ಲಿ ನಿಂತೇ ಯಾವ ರೋಗಿ ದಿಂಬಿನಡಿ ಉಪ್ಪಿನಕಾಯಿ ಇಟ್ಟಿದ್ದಾನೆ ಎಂದು ಹೇಳುತ್ತಿದ್ದ ಮೂಗು ಇದು. ಮುನಿರತ್ನಮ್ಮ ಬಾಗಿಲು ತೆರೆದಾಗ ಅವಳ ಕೈಯಲ್ಲಿ ಒಂದು ಹಿಡಿ ಊದುಬತ್ತಿ ಉರಿಯುತ್ತಿತ್ತು.

“ಏನು ಮುನಿರತ್ನಮ್ಮ, ಇಷ್ಟೊಂದು ಊದುಬತ್ತಿ?”

“ಪೂಜೆ ಮೇಡಂ.”

“ಯಾವ ದೇವರಿಗೆ ಬೆಳ್ಳುಳ್ಳಿ ಧೂಪ?”

ಮಂಚದ ಕೆಳಗೆ ಕರೆಂಟಿನ ಕಾಯಿಲ್ ಒಲೆ, ಅದರ ಮೇಲೆ ಪುಟ್ಟ ತಪ್ಪಲೆ, ಒಳಗೆ ಕೊತಕೊತ ಎನ್ನುವ ನಿನ್ನೆಯ ಬಸ್ಸಾರು. ಮೂರನೆಯ ಮನೆಯಲ್ಲಿ ಖಾದರ್ ಸಾಹೇಬರು ಚಹಾದ ಎಲೆಕ್ಟ್ರಿಕ್ ಕೆಟಲಿನಲ್ಲೇ ಸಾರು ಕುದಿಸುತ್ತಿದ್ದರು. ಅದರ ಮೂತಿಯಲ್ಲಿ ಒಂದು ಅವರೆಕಾಳು ಸಿಕ್ಕಿಕೊಂಡಿತ್ತು. ಮಿಕ್ಕ ಮೂರು ಮನೆಗಳಲ್ಲೂ ಅದೇ ಕಥೆ. ನಾನು ಸೀದಾ ಹೋಗಿ ಊಟದ ಗಂಟೆ ಬಾರಿಸಿದೆ. ಹೊತ್ತಲ್ಲದ ಹೊತ್ತಿನಲ್ಲಿ ಆ ಗಂಟೆ ಮೊಳಗಿದ್ದು ಅದೇ ಮೊದಲು.

ಎಲ್ಲರೂ ಬಂದು ನಿಂತರು. ನಿಯಮಾವಳಿ ತೆಗೆದು ಒಂದನೆಯದನ್ನು ಗಟ್ಟಿಯಾಗಿ ಓದಿದೆ. ಓದುವಾಗ ನನ್ನ ದನಿ ನಡುಗಲಿಲ್ಲ. ನಡುಗುವ ದನಿಯಲ್ಲಿ ಓದಿದರೆ ಅದು ನಿಯಮವಾಗುವುದಿಲ್ಲ. ಮುನಿರತ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಊರ ಮನೆ ಕೊಟ್ಟು ಬಂದಿದೀನಿ ಮೇಡಂ. ಒಂದ್ ಲೋಟ ಸಾರಿಗೆ ಆಚೆ ಹಾಕ್ತೀರಾ?” ಎಂದಳು. ವೆಂಕಟಲಕ್ಷ್ಮಮ್ಮ ಮುಂದೆ ಬಂದು, “ತಪ್ಪು ನಂದಮ್ಮ. ದಿನಾ ಡಬ್ಬಿಗೆ ತುಂಬಿ ಕೊಡ್ತಿದ್ದೋಳು ನಾನೇ. ಅಂಥಾ ಸಾರು ಹಸಕ್ಕೆ ಸುರಿಯೋಕೆ ಕೈಯಾದ್ರೂ ಹೆಂಗ್ ಬರ್ತೈತೆ?” ಎಂದಳು.

“ನನ್ನ ರೌಂಡ್ಸ್ ಇದ್ದೂ ಹೀಗೆ ಮಾಡಲು ಧೈರ್ಯವಾದರೂ ಹೇಗೆ ಬಂತು?” ಎಂದು ಕೇಳಿದೆ.

ಖಾದರ್ ಸಾಹೇಬರು ಗಡ್ಡ ಕೆರೆದುಕೊಂಡರು. “ಮೂವತ್ತು ವರ್ಷ ಬಸ್ ಓಡ್ಸಿದೀನಿ ಮೇಡಂ. ನಿಮ್ಮಷ್ಟು ಕರೆಕ್ಟ್ ಟೈಮಿಂದು ಒಂದ್ ಬಸ್ಸೂ ನೋಡ್ಲಿಲ್ಲ. ಆರೂವರೆ ಆತು ಅಂದ್ರೆ ನೀವು ದಾಟಿದ್ರಿ ಅಂತ್ಲೇ ಅರ್ಥ. ಇವತ್ತು ನೀವೇ ಲೇಟು. ಮೈ ಹುಷಾರಿಲ್ವೇನೋ, ಸಾರು ಕುದಿಸ್ಕೊಂಡು ನೋಡೋಕ್ ಹೋಗಣ ಅಂತಿದ್ವಿ.”

ಸಿಟ್ಟಿನ ನಡುವೆಯೂ ಆ ‘ಕರೆಕ್ಟ್ ಟೈಮು’ ನನಗೆ ಹಿತವಾಯಿತು ಎಂಬುದನ್ನು ಮುಚ್ಚಿಡಲಾರೆ. ಆದರೂ ನಿಯಮ ನಿಯಮವೇ. “ಐದು ಮನೆಯವರೂ ತಪ್ಪು ಮಾಡಿದ್ದೀರಿ. ನಮ್ಮ ಮನೆಯೊಂದನ್ನು ನೋಡಬೇಕಾಗಿಲ್ಲ...” ಎಂದೆ.

“ಅದೂ ಒಂದ್ ನೋಡ್ಬಿಡಿ ಮೇಡಂ,” ಎಂದರು ಸಾಹೇಬರು, ನೆಲ ನೋಡುತ್ತಾ. “ಡಿಪೋದಲ್ಲಿ ಕುಡಿದಿದ್ದಾರಾ ಅಂತ ನೋಡೋಕೆ ನನ್ ಕೈಲೂ ಊದಿಸ್ತಿದ್ರು, ಕಂಡಕ್ಟರ್ ಕೈಲೂ ಊದಿಸ್ತಿದ್ರು, ಯಾರ್ನೂ ಬಿಡ್ತಿರ್ಲಿಲ್ಲ.”

ನಗುತ್ತಲೇ ನಮ್ಮ ಮನೆಗೆ ಹೋದೆ. ಹಿಂದೆ ಇಡೀ ಕಾಲನಿ ಬಂತು. ಮಂಚದಡಿ ಇಲ್ಲ, ಬೀರುವಿನಲ್ಲಿ ಇಲ್ಲ. ಗೆದ್ದೆ ಎಂದು ತಿರುಗುವಾಗ ಮೂಲೆಯಲ್ಲಿದ್ದ ಹೊಲಿಗೆ ಯಂತ್ರದ ಮರದ ಮುಚ್ಚಳದ ಮೇಲೆ ಕೈ ಬಿತ್ತು. ಬೆಚ್ಚಗಿತ್ತು. ಎತ್ತಿದೆ. ಯಂತ್ರವಿರಲಿಲ್ಲ. ಒಲೆ ಇತ್ತು, ತಪ್ಪಲೆ ಇತ್ತು, ತಳದಲ್ಲಿ ಬೆರಳಿನಿಂದ ಬಳಿದು ತಿಂದ ಗುರುತಿತ್ತು.

“ರೀ, ಮಿಷನ್ ಎಲ್ಲಿ?”

“ವೆಂಕಟಲಕ್ಷ್ಮಮ್ಮನ ಮನೇಲಿದೆ ಕಣೇ,” ಎಂದರು ನಂಜುಂಡಪ್ಪನವರು. “ನೀನು ಹೊಲಿಯೋದು ಬಿಟ್ಟು ಆರು ವರ್ಷ ಆಯ್ತಲ್ಲ. ನೀನು ರೌಂಡ್ಸಿಗೆ ಹೋದ್ರೆ ನನಗೆ ಪೂರ್ತಿ ಅರ್ಧ ಗಂಟೆ ಸಿಗ್ತಿತ್ತು.”

“ಕಾಲನಿಗೆ ಮೊದಲ್ನೇ ಒಲೆ ತಂದಿದ್ದೇ ಯಜಮಾನ್ರು. ನಮಗೆಲ್ಲ ಅಂಗಡಿ ತೋರಿಸಿದ್ದೂ ಅವ್ರೇ,” ಎಂದಳು ಮುನಿರತ್ನಮ್ಮ, ಅಳು ನಿಲ್ಲಿಸಿ.

ಒಂದನೆಯ ನಿಯಮದ ಪ್ರಕಾರ ಆ ಕ್ಷಣಕ್ಕೆ ಇಡೀ ಕಾಲನಿಯೇ ಕಾಲನಿ ಬಿಟ್ಟು ಹೋಗತಕ್ಕದ್ದು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಗೌರಿಬಿದನೂರಿನ ಮನೆ ನಮಗೂ ಉಳಿದಿರಲಿಲ್ಲ. ಉಳಿದಿದ್ದರೂ, ಅಲ್ಲಿ ನಾನು ಒಂದು ದಿನ ತಡವಾದರೆ ಕಾಯಿಲೆಯೇನೋ ಎಂದು ಚಿಂತಿಸುವವರು ಯಾರಿದ್ದರು? ಕೆಂಪು ಪೆನ್ನು ತೆಗೆದು, ಸ್ಕೇಲು ಇಟ್ಟು, ಒಂದನೆಯ ನಿಯಮದ ಮೇಲೆ ಗೆರೆ ಎಳೆದೆ. ನೇರವಾಗಿ ಬಂತು. ಹಾಗೆಯೇ ಹದಿನೇಳರ ಮೇಲೂ ಎಳೆದೆ.

ಹೀಗೆ ನಮ್ಮ ಒಂದೇ ಒಲೆಯ ಲೋಕ ಮುಗಿಯಿತು. ಈಗ ಆರು ಮನೆಗೆ ಆರು ಒಲೆ. ವೆಂಕಟಲಕ್ಷ್ಮಮ್ಮ ಊಟದ ಹಾಲ್‌ನಲ್ಲಿ ಮುದ್ದೆ, ಅನ್ನ ಮಾತ್ರ ಮಾಡುತ್ತಾಳೆ. ಆದರೆ ಹನ್ನೆರಡೂವರೆಗೆ ನಾನು ಗಂಟೆ ಹೊಡೆದರೆ ಯಾರೊಬ್ಬರೂ ಮನೆಯಲ್ಲಿ ಕೂರುವುದಿಲ್ಲ. ತಮ್ಮ ತಮ್ಮ ಸಾರು ಹಿಡಿದು ಪಂಕ್ತಿಗೆ ಬಂದುಬಿಡುತ್ತಾರೆ. ಖಾದರ್ ಸಾಹೇಬರ ಸಾರು ನಮ್ಮ ತಟ್ಟೆಗೆ, ನಮ್ಮದು ಮುನಿರತ್ನಮ್ಮನ ತಟ್ಟೆಗೆ. ಒಲೆ ಬೇರೆಯಾದರೂ ಮನಸ್ಸು ಬೇರೆಯಾಗಲಿಲ್ಲ. ನನ್ನ ಸಿದ್ಧಾಂತ ಸುಳ್ಳಾಯಿತು, ಕಾಲನಿ ಉಳಿಯಿತು. ಕಟ್ಟಿದವಳು ನಾನೇ ಎಂದು ಬಂದವರಿಗೆಲ್ಲ ಹೇಳುತ್ತೇನೆ.

ಮೊನ್ನೆ ನಾನೂ ಕೈಯಾರೆ ಬಸ್ಸಾರು ಮಾಡಿ, ಡಬ್ಬಿ ಹಿಡಿದು ಜಂಬದಿಂದ ಊಟದ ಹಾಲ್‌ಗೆ ಹೋದೆ. ಮುನಿರತ್ನಮ್ಮ ಮುಚ್ಚಳ ತೆರೆದು, ಮೂಸಿ, ಮತ್ತೆ ಮುಚ್ಚಿ ನನ್ನ ಕೈಗೇ ಕೊಟ್ಟಳು.

“ಇದು ಇವತ್ತಿಂದು ಮೇಡಂ. ನಾಳೆ ತನ್ನಿ.”

ಹಾಗಾಗಿ ಬೆಳಿಗ್ಗೆ ಆರರ ರೌಂಡ್ಸ್ ನಿಲ್ಲಿಸಿದ್ದೇನೆ. ಅದು ಈಗ ಸಾರು ಕುದಿಸುವ ಹೊತ್ತು. ಹೊತ್ತು ತಪ್ಪಿಸುವುದು ನನ್ನ ಜಾಯಮಾನದಲ್ಲೇ ಇಲ್ಲ.