‘ಆದರೆ’ ಫೈಲು

ಬೆಟಗೇರಿಯ ಸುವರ್ಣತಂತು ನೇಕಾರರ ಸಂಘದ ಸೀರೆಗಳು ಬಣ್ಣ ಬಿಡುವುದಿಲ್ಲವೆಂದು ೧೯೭೮ರ ಆಡಳಿತ ಮಂಡಳಿ ಸಭೆಯಲ್ಲಿ ಸರ್ವಾನುಮತದಿಂದ ಠರಾವು ಪಾಸಾಗಿತ್ತು. ಠರಾವಿನ ಪ್ರತಿಯನ್ನು ಸೀರೆಗಳಿಗೆ ಕಳಿಸುವುದೊಂದು ಬಾಕಿ ಉಳಿದಿತ್ತು. ಬಣ್ಣ ಪೂರೈಸುವವನು ಅಧ್ಯಕ್ಷ ಬಾಬಣ್ಣನವರ ಹೆಂಡತಿಯ ತಮ್ಮ. ಮನೆಯವನ ಮಾಲನ್ನು ಪರೀಕ್ಷೆಗೆ ಹಚ್ಚುವುದು ಸಭ್ಯತೆಯಲ್ಲವೆಂದು ಮಂಡಳಿ ತೀರ್ಮಾನಿಸಿತ್ತು.

ಅದೇ ಸಂಘದಲ್ಲಿ ಜಯತೀರ್ಥ ಹನ್ನೊಂದು ವರ್ಷಗಳಿಂದ ಹಂಗಾಮಿ ಗುಮಾಸ್ತ. ಕಾಯಂ ಆಗದೆಯೇ ಮುದುಕನಾಗಿಬಿಡುತ್ತೇನೆಂಬ ಹೆದರಿಕೆ ಅವನಿಗೆ. ಅದನ್ನು ಮರೆಯಲೆಂದೇ ಅಂಚೆಯಲ್ಲಿ ಪುಸ್ತಕ ತರಿಸಿ ಜಪಾನಿ ವ್ಯಾಕರಣ ಕಲಿತಿದ್ದ. ಗದಗಿನ ಪೇಟೆಯಲ್ಲಿ ಅದನ್ನು ಆಡಲು ಯಾರೂ ಸಿಕ್ಕಿರಲಿಲ್ಲ. ಹೀಗಾಗಿ ಮಾದರಿ ಸೀರೆ ತರಿಸಿಕೊಂಡಿದ್ದ ಜಪಾನಿನ ವ್ಯಾಪಾರಿಯೊಬ್ಬನ ಕಾಗದ ಬಂದ ದಿನ, ಜಯತೀರ್ಥ ಲಕೋಟೆ ಒಡೆದವನೇ ಅಧ್ಯಕ್ಷರ ಕೋಣೆಗೆ ಓಡಿದ.

“ಸೀರಿ ಚಂದಂತೂ ಅದ,” ಎಂದು ಅಧ್ಯಕ್ಷರಿಗೆ ಓದಿ ಹೇಳಿದ. “ಹಗುರಂತೂ ಅದ. ಆದರ ತೊಳದರ ಬಣ್ಣ ಬಿಡ್ತದ.”

“ಚಂದ ಅಂದದ್ದು ಸಾಲದಂತ ‘ಅಂತೂ’ ಬ್ಯಾರೆ ಹಚ್ಚ್ಯಾನ. ಭಾಳ ಮೆಚ್ಯಾನ,” ಎಂದರು ಬಾಬಣ್ಣ.

“ಹಂಗಲ್ಲರಿ. ‘ಚಂದಂತೂ ಅದ’ ಅನ್ನೂದಕ್ಕ ಅವರು ‘ಉತ್ಸುಕುಶಿಕು ವಾ ಅರು’ ಅಂತಾರ. ಗುಣ ಹೇಳೋ ಶಬ್ದಕ್ಕ ‘ವಾ’ ಹಚ್ಚಿ ಒತ್ತಿ ಹೇಳಿದ್ರಂದ್ರ, ಅದಷ್ಟ ಖರೆ, ಉಳದದ್ದು ಕೇಳಬ್ಯಾಡ್ರಿ ಅಂತ ಅರ್ಥ.”

ನೂಲು ಒಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ನೇಕಾರ್ತಿ ಬನಶಂಕರೆವ್ವ ತಲೆಯಾಡಿಸಿದಳು. “ನಮ್ಮತ್ತಿ ಜಪಾನ ನೋಡಿದಾಕಿ ಅಲ್ರಿ. ಆದ್ರೂ ‘ಸೊಸಿ ಚೆಲುವಿ ಅಂತೂ ಅದಾಳ’ ಅಂತಿದ್ಲು.” ಅವಳ ಕೈ ಮಣಿಕಟ್ಟಿನ ತನಕ ಸಂಘದ ಬಣ್ಣದಿಂದ ಕೆಂಪಾಗಿತ್ತು.

ಅವಳು ಹೋದ ಮೇಲೆ ಬಾಬಣ್ಣ ಬಾಗಿಲು ಮುಂದೆ ಮಾಡಿದರು. “ಆಚಾರ್ರ, ನಿಮ್ಮ ಕಾಯಂ ಆರ್ಡರ್ ನನ್ನ ಮೇಜಿನ ಮ್ಯಾಲೆ ಐತ್ರಿ. ‘ಆದರ’ ಬರೂತನಕ ಅಷ್ಟ ಕನ್ನಡ ಮಾಡ್ರಿ.”

ಜಯತೀರ್ಥನಿಗೆ ತನ್ನ ಮೇಲೆಯೇ ಹೇಸಿಗೆ ಬಂತು. ಹೇಸಿಕೊಳ್ಳುತ್ತಲೇ ದುಂಡಗಿನ ಅಕ್ಷರದಲ್ಲಿ ಅಷ್ಟನ್ನೇ ಬರೆದುಕೊಟ್ಟ. ಅರ್ಧ ಕಾಗದ ಕಟ್ಟು ಹಾಕಿಸಿಕೊಂಡು ಗೋಡೆಯೇರಿತು. ಮರುದಿನ ಸುತ್ತೋಲೆ ಹೊರಟಿತು:

“ಸಂಘದ ಬಗೆಗಿನ ಸಕಲ ಅಭಿಪ್ರಾಯಗಳನ್ನು ಇನ್ನು ಮುಂದೆ ಜಪಾನಿ ಪದ್ಧತಿಯಲ್ಲಿಯೇ ಸಲ್ಲಿಸತಕ್ಕದ್ದು. ‘ಆದರೆ’ಯಿಂದ ಮುಂದಿನ ಭಾಗವನ್ನು ಬೇರೆ ಹಾಳೆಯಲ್ಲಿ ಬರೆದು, ಮೊಹರು ಹಾಕಿ, ‘ಆದರೆ’ ಫೈಲಿಗೆ ಸೇರಿಸತಕ್ಕದ್ದು. ಸದರಿ ಫೈಲು ತೆರೆಯಲು ಬಣ್ಣದ ಪೂರೈಕೆದಾರರ ಲಿಖಿತ ಒಪ್ಪಿಗೆ ಕಡ್ಡಾಯ.”

ಒಂದೇ ತಿಂಗಳಲ್ಲಿ ಸಂಘದ ಮೇಲಿನ ದೂರುಗಳೆಲ್ಲ ನಿಂತುಹೋದವು. ಲಕ್ಷ್ಮೇಶ್ವರದ ಅಂಗಡಿಕಾರ ಉಸ್ಮಾನಸಾಬ ನಲವತ್ತು ಸೀರೆ ವಾಪಸು ತಂದು, ನಮೂನೆ ತುಂಬಿ, “ಕೆಂಪಂತೂ ಇವೆ” ಎಂದು ಬರೆದುಕೊಟ್ಟ. ಅದನ್ನು ಪ್ರಶಂಸೆಗಳ ರಜಿಸ್ಟರಿನಲ್ಲಿ ದಾಖಲಿಸಲಾಯಿತು. ಬನಶಂಕರೆವ್ವ “ಕೈಗೆ ಬಣ್ಣಂತೂ ಹತ್ತೇತಿ” ಎಂದು ಬರೆಸಿದ್ದಕ್ಕೆ ಉತ್ತಮ ನೇಕಾರ್ತಿಯೆಂದು ಪ್ರಶಸ್ತಿಪತ್ರ ಸಿಕ್ಕಿತು. ಪತ್ರವನ್ನು ತುದಿಯಲ್ಲಷ್ಟೇ ಹಿಡಿದಳು, ಆದರೂ ಅದರ ಮೇಲೆ ಐದು ಬೆರಳೂ ಕೆಂಪಗೆ ಮೂಡಿದವು.

ದಸರೆಯ ಮುಂದೆ ಜಯತೀರ್ಥನ ಆರ್ಡರ್ ಬಂತು. “ಶ್ರೀ ಜಯತೀರ್ಥ ಇವರು ಕಾಯಂ ಹುದ್ದೆಗೆ ಅರ್ಹರಂತೂ ಇದ್ದಾರೆ.” ಕೆಳಗೆ ಸಹಿ, ದುಂಡು ಮೊಹರು. ಹಾಳೆ ತಿರುಗಿಸಿ ನೋಡಿದ. ಹಿಂದೆ ಏನೂ ಇರಲಿಲ್ಲ. ಮುಂದಿನ ಭಾಗ ಮೊಹರಾಗಿ ‘ಆದರೆ’ ಫೈಲಿನಲ್ಲಿತ್ತು. ಆ ಫೈಲು ಅವನದೇ ಕಪಾಟಿನಲ್ಲಿತ್ತು. ನಿಯಮ ಗೊತ್ತಿದ್ದವನಾದ್ದರಿಂದ ಅವನು ಅದನ್ನು ತೆರೆಯಲಿಲ್ಲ. ಸಿಬ್ಬಂದಿಯೆಲ್ಲ ಕೈಕುಲುಕಿದರು. ಆರ್ಡರ್ ಮುಟ್ಟಿದ ಬಗ್ಗೆ ಸಹಿ ಮಾಡುವಾಗ “ಸಂತೋಷವಂತೂ ಆಗಿದೆ” ಎಂದು ಬರೆದ.

ಮನೆಯಲ್ಲಿ ತಾಯಿ ಕಮಲಾಬಾಯಿ ಹೊಸ್ತಿಲಲ್ಲೇ ಕೇಳಿದರು. “ಕಾಯಂ ಆತೇನೋ?”

“ಆರ್ಡರಂತೂ ಬಂತವ್ವಾ.”

ಕಮಲಾಬಾಯಿಯೂ ಅತ್ತೆಯ ಕೈಕೆಳಗೆ ಮೂವತ್ತು ವರ್ಷ ಬಾಳಿದವರು. ಮಗನ ಮುಖ ಒಮ್ಮೆ ನೋಡಿದರು, ಮುಂದೇನೆಂದು ಕೇಳಲಿಲ್ಲ. ಡಬ್ಬಿ ತೆಗೆದುಕೊಂಡು ಓಣಿಗೆಲ್ಲ ಸಕ್ಕರೆ ಹಂಚಿ ಬಂದರು.